ಎಣಿಸತಕ್ಕದ್ದಲ್ಲ

ತೋರ್ಶಾವ್ನ್‌ನ ಮರದ ಸಭಾಭವನ, ಹುಲ್ಲು ಹೊದ್ದ ಸೂರು.
ಮೀನು ಪಾಲಿನ ಮಸೂದೆ, ಮೂರನೇ ವಾಚನ.
ಒಬ್ಬೊಬ್ಬರಿಗೆ ಐದು ನಿಮಿಷ.
ಗಡಿಯಾರ ನನ್ನ ಕೈಲಿ;
ಹತ್ತೊಂಬತ್ತು ವರ್ಷದ ಗುಮಾಸ್ತಿಕೆ.

ಟುಮ್ಮಸ್ ಎದ್ದ, ಫೂಗ್ಲೋಯ್ ದ್ವೀಪದವ.
ಬಲೆ ಎಳೆದ ಕೈ ಮೇಜು ಹಿಡಿಯಿತು.
ಮಾ— ಅಂದ. ಮಾ— ಮಾ—
ಮಾನ್ಯ ಅಧ್ಯಕ್ಷರೇ ಎನ್ನುವಷ್ಟರಲ್ಲಿ
ನಲವತ್ತು ಸೆಕೆಂಡು.
ಯಾರೂ ನಗಲಿಲ್ಲ, ಅದೇ ಕಷ್ಟ.
ಮೀನಿನ ಹೆಸರೊಂದು ಗಂಟಲಲ್ಲಿ ಮುಳ್ಳಾಗಿ ನಿಂತಾಗ
ಗಂಟೆ ಬಾರಿಸಿದೆ.
ಕೂತ.

ಮರುವಾರ ಎದುರು ಪಕ್ಷದ ಬೆಯಿಂತಾ
ನಿಯಮ ಹದಿನಾಲ್ಕಕ್ಕೆ ತಿದ್ದುಪಡಿ ತಂದಳು:
‘ತೊದಲಿನಲ್ಲಿ ಕಳೆದ ಹೊತ್ತನ್ನು ಎಣಿಸತಕ್ಕದ್ದಲ್ಲ.’
ಶುರುವಾಯಿತು. ತೊದಲು ಎಂದರೇನು?
ಕೆಮ್ಮು ಸೇರುತ್ತದೆಯೆ? ನೀರು ಕುಡಿದದ್ದು?
ಬೇಕೆಂದೇ ತೊದಲಿದರೆ?
ಒಬ್ಬ ತಿದ್ದುಪಡಿಗೇ ತಿದ್ದುಪಡಿ ತಂದ:
‘ಎಣಿಸತಕ್ಕದ್ದಲ್ಲ’ ತೆಗೆದು
‘ಎಣಿಸದಿರಬಹುದು’ ಎಂದು ಹಾಕಿ.
ಬಹುದು! ಅಂದರೆ ಪೀಠದ ಮರ್ಜಿ.
‘ಬಹುದು ಎಂಬ ಬಾಗಿಲಿಗೆ
ಚಿಲಕ ಹೊರಗಡೆ’ ಅಂದಳು ಬೆಯಿಂತಾ.

ಮೊದಲು ಒಳತಿದ್ದುಪಡಿಗೆ ಮತ, ಕ್ರಮ ಹಾಗೆ:
ಬಿತ್ತು, ಒಂದೇ ಒಂದು ಕೈಯ ಅಂತರದಲ್ಲಿ.
ಆಮೇಲೆ ಮೂಲದ್ದು ಗೆದ್ದಿತು.
ಟುಮ್ಮಸ್ ಕೈ ಎತ್ತಲಿಲ್ಲ; ತನ್ನ ವಿಷಯಕ್ಕೆ ತಾನೇ
ಮತ ಹಾಕುವಂತಿಲ್ಲ, ನಿಯಮ ಏಳು.
ಮೀನಿನ ಮಸೂದೆ ಅಷ್ಟರಲ್ಲಿ ಕಾನೂನಾಗಿತ್ತು.

ಈಗ ಅವನು ಎದ್ದರೆ ನನ್ನ ಹೆಬ್ಬೆರಳು ಗುಂಡಿಯ ಮೇಲೆ.
ನಿಲ್ಲಿಸುತ್ತೇನೆ, ಬಿಡುತ್ತೇನೆ, ನಿಲ್ಲಿಸುತ್ತೇನೆ.
ಆ ನಡುವೆ ಕಿಟಕಿಯಾಚೆ
ದೋಣಿಗಳ ಹಗ್ಗ ಕಿರ್ರೆನ್ನುವುದು ಕೇಳುತ್ತದೆ.
ನಡಾವಳಿಯಲ್ಲಿ ಅದನ್ನು ಬರೆಯಲು
ನನಗೆ ಅಧಿಕಾರವಿಲ್ಲ.