ಉಲ್ಟಾ ಎನ್

ವಿಠ್ಠಲಸಾ ಅವರ ಸ್ಟುಡಿಯೋದಲ್ಲಿ ಅದಕ್ಕೆ ಅದೇ ಹೆಸರು.
ಮೂತಿಯ ಮೇಲೆ ಮೂರಕ್ಷರ: ಒಂದು ಎಂ, ಒಂದು ಪಿ,
ನಡುವೆ ಕನ್ನಡಿಯೊಳಗಿಂದ ಇಣುಕಿದ ಎನ್.
"ಲೇ, ಉಲ್ಟಾ ಎನ್ ತಗಂಬಾ" ಅಂದರೆ
ಮಂಡಕ್ಕಿ ಹತ್ತಿದ ಕೈ ಚಡ್ಡಿಗೆ ಒರೆಸಿ
ಬಟ್ಟೆಚೀಲದಿಂದ ಎತ್ತಿ ಕೊಡುತ್ತಿದ್ದೆ.
ಬೆಳ್ಳಿ ಬಣ್ಣ. ಅಂಗೈ ತುಂಬುವ ತೂಕ.
ಐವತ್ತೆಂಟರಲ್ಲಿ ಬ್ರಸೆಲ್ಸಿನಲ್ಲಿ ಗೆದ್ದ ಬಹುಮಾನವನ್ನು
ಗರಡಿಯ ಪೈಲ್ವಾನ ಕಡಗ ತೊಟ್ಟ ಹಾಗೆ
ಗಾಜಿನ ಸುತ್ತ ಕೆತ್ತಿಸಿಕೊಂಡಿತ್ತು.
ನಂಬರಿನ ಮೊದಲೆರಡು ಅಂಕಿ ಎಪ್ಪತ್ತೊಂದು.
ನನಗಿಂತ ಒಂದೇ ವರ್ಷ ದೊಡ್ಡದು.

ಗಡಿಯಾರದ ದಾದಾಪೀರ್ ವರ್ಷಕ್ಕೊಮ್ಮೆ ಅದರ ಹೊಟ್ಟೆ ಬಿಚ್ಚುತ್ತಿದ್ದ.
"ಹಿಮದ ಊರಿನ ಗ್ರೀಸು ಇದು,
ದಾವಣಗೆರೆ ಏಪ್ರಿಲ್ಲಿಗೆ ತುಪ್ಪ ಆಗತೈತಿ."
ಕಪ್ಪು ಎಲೆಗಳ ಮೇಲೆ ಹರಿದ ಎಣ್ಣೆಯನ್ನು
ಪೆಟ್ರೋಲಿನ ಹತ್ತಿಯಲ್ಲಿ ಒರೆಸುತ್ತ
ಬಿಸ್ಕತ್ತು ಡಬ್ಬಿಯಲ್ಲಿದ್ದ ದಾಯಾದಿಗಳನ್ನು ತೋರಿಸುತ್ತಿದ್ದ:
ಜುಪಿಟರ್ ಹನ್ನೆರಡು, ಬೆನ್ನಿನ ಗಾಜು ಹೊರಗುಬ್ಬಿ
ನೆಟ್ಟಗೆ ಕೂರದು, ತಲೆಕೆಳಗೇ ಅದರ ವಾಸ;
ಒರಾಯನ್ ಇಪ್ಪತ್ತೆಂಟು, ಸೋಮಾರಿ,
ಬಿಸಿಲು ಏರಿದ ಮೇಲಷ್ಟೇ ಕೆಲಸಕ್ಕೆ ಏಳುವುದು.
ಇನ್ನೊಂದು ಇದೆಯಂತೆ, ಇಪ್ಪತ್ತು,
ಮುಂಗಾಜು ಬೆಲ್ಲದಚ್ಚಿನಷ್ಟು.
"ಅದಿದ್ರೆ ಗೋಡೆಗೆ ಬೆನ್ನು ಹಚ್ಚಿ ನಿಂತ್ರೂ
ಇಡೀ ಮಂಡಿಪೇಟೆ ಒಳಗೆ ಬರತೈತಿ."
ಕೇಳಿದ್ದಷ್ಟೇ. ನೋಡಿರಲಿಲ್ಲ.

ಎಂಬತ್ತನಾಲ್ಕು. ಗಿರಣಿಯ ರೀಲಿಂಗ್ ಖಾತೆ ಮುಚ್ಚಿದ ದಿನ
ಎಲ್ಲರ ಫೋಟೋ ಒಂದು ಬೇಕೆಂದರು.
ಬಯಲಿಗೆ ಮ್ಯಾನೇಜರು ಬಿಡಲಿಲ್ಲ.
ಗೋದಾಮಿಗೂ ಕಾಂಪೌಂಡಿಗೂ ನಡುವಿನ ಓಣಿ,
ಮೂರು ಸಾಲು, ನಲವತ್ತಾರು ಮಂದಿ,
ಹುಬ್ಬಿನ ಮೇಲೆ ಹತ್ತಿಯ ಎಳೆ.
ವಿಠ್ಠಲಸಾ ಹಿಂದೆ ಹಿಂದೆ ಸರಿದರು,
ಬೆನ್ನಿಗೆ ಗೋಡೆ ತಾಗಿತು. ಗೋಡೆ ಸರಿಯಲಿಲ್ಲ.
"ಒತ್ತರಿಸ್ರೀ. ಇನ್ನೂ ಒತ್ತರಿಸ್ರೀ."
ಉಲ್ಟಾ ಎನ್ ತನ್ನ ಕೈಲಾದಷ್ಟು ನುಂಗಿತು.
ಅಂಚಿನವರ ಕೆನ್ನೆ ಚೂರು ಊದಿದವು.

ಬಲತುದಿಯ ಹುಲಿಗೆಮ್ಮ ಬರಲಿಲ್ಲ.
ಸೊಂಟಕ್ಕೆ ಕೈ ಕೊಟ್ಟು ನಿಂತಿದ್ದಳು,
ಬಂದದ್ದು ಮೊಣಕೈ,
ಅದರ ಕೆಳಗೆ ಹಚ್ಚೆಯ ಚೇಳು, ಚೇಳಿನಲ್ಲೂ ಬಾಲ.
ಜೆನಿತ್ ಕಿಂಡಿಯಲ್ಲಿ ಅದೂ ಕಂಡಿರಲಿಲ್ಲ;
ಆ ಕಿಂಡಿ ಯಾವಾಗಲೂ ಇರುವುದಕ್ಕಿಂತ ಕಡಿಮೆ ತೋರಿಸುವುದು.

ಪ್ರತಿಗೆ ಆರು ರೂಪಾಯಿ.
ಅವಳೂ ಬಂದು ಸೆರಗಿನ ಗಂಟು ಬಿಚ್ಚಿದಳು.
ವಿಠ್ಠಲಸಾ ಕಾಸು ಬೇಡವೆಂದರು, ಗಲ್ಲಾಪೆಟ್ಟಿಗೆ ನೋಡುತ್ತ.
"ಯಾಕ್ರೀ ಬ್ಯಾಡ? ಅದೀನಲ್ಲ."
ಬೆರಳಿಟ್ಟಳು. "ನನ್ ಚೇಳು."
ಎಣಿಸಿ ಆರು ಇಟ್ಟು ಹೋದಳು.

ಎಷ್ಟೋ ವರ್ಷದ ಮೇಲೆ, ರಷ್ಯದಲ್ಲಿ ಡಾಕ್ಟರಿಕೆ ಓದಿ ಬಂದ ಹುಡುಗಿ
ಪಾಸ್‌ಪೋರ್ಟ್ ಫೋಟೋಕ್ಕೆ ಕೂತವಳು ಓದಿಬಿಟ್ಟಳು:
ಅದು ಎನ್ ಅಲ್ಲ, ಅಂಕಲ್. ಪಿ ಕೂಡ ಪಿ ಅಲ್ಲ. ಮಿರ್.
ಲೋಕ ಅಂತಲೂ ಅರ್ಥ, ಶಾಂತಿ ಅಂತಲೂ.
ನಮ್ಮ 'ಮರೆ'ಯ ಹಾಗೆ ಎಂದುಕೊಂಡೆ.
ನೆನಪಿನಿಂದ ಹೋಗುವುದಕ್ಕೂ ಅದೇ,
ಗೋಡೆಯಾಚೆ ನಿಲ್ಲುವುದಕ್ಕೂ ಅದೇ.

ಹೋದ ತಿಂಗಳು ದಾದಾಪೀರನ ಮಗ ಡಬ್ಬಿ ಖಾಲಿ ಮಾಡಿದ.
ತಳದಲ್ಲಿತ್ತು ಇಪ್ಪತ್ತು. ಯಾವಾಗ ಬಂದಿತ್ತೋ.
ಪರದೇಶಕ್ಕೆ ಮಾರಲು ಮಾಡಿದ್ದು, ಇಂಗ್ಲಿಷ್ ಅಕ್ಷರ,
ಉಲ್ಟಾ ಎನ್ ಇಲ್ಲ.
ಉಂಗುರ ತಿರುಗಲಿಲ್ಲ; ಬೈಕಿನ ಸೀಟಿನ ಮೇಲೆ
ಒಂದು ಗಳಿಗೆ ಬಿಸಿಲಿಗಿಟ್ಟೆ, ಕರಗಿತು.

ಗೋದಾಮು ಈಗ ಕಲ್ಯಾಣಮಂಟಪ.
ಓಣಿಯಲ್ಲಿ ಜನರೇಟರು, ಕವುಚಿ ಹಾಕಿದ ಕೊಪ್ಪರಿಗೆ.
ಕಾಂಪೌಂಡು ಮಾತ್ರ ಅದೇ. ಬೆನ್ನು ಹಚ್ಚಿದೆ.
ಹುಲಿಗೆಮ್ಮ ನಿಂತಿದ್ದ ಜಾಗ ಸಲೀಸಾಗಿ ಒಳಗೆ ಬಂತು,
ಆಚೆಗೆ ಇನ್ನಿಬ್ಬರು ನಿಲ್ಲುವಷ್ಟು ಸಹಿತ.
ಮೂವತ್ತೇಳರಲ್ಲಿ ಇಪ್ಪತ್ತು ಕಳೆದರೆ ಹದಿನೇಳು.
ನನ್ನ ಕಿರುಬೆರಳಿನ ಉಗುರು ಇನ್ನೊಂಚೂರು ಬೆಳೆದಷ್ಟು.

ಒತ್ತಿದೆ. ರಾತ್ರಿ ಕತ್ತಲೆಕೋಣೆಯಲ್ಲಿ ತೊಳೆದು ನೇತುಹಾಕಿದೆ.
ಜನರೇಟರು ಬಂದಿದೆ, ಕೊಪ್ಪರಿಗೆ ಬಂದಿದೆ,
ಮುಖ ಒಂದೂ ಇಲ್ಲ.
ಬಲತುದಿಯಲ್ಲಿ ಕಿಂಡಿಗೆ ಕಾಣದ್ದೊಂದು, ಮಸುಕಾಗಿ:
ಗಾಜಿಗೆ ಅಡ್ಡ ಬಂದ ನನ್ನದೇ ಬೆರಳು.

ಅದೀನಲ್ಲ, ಅಂದೆ.
ಆರು ರೂಪಾಯಿ ಯಾರಿಗೆ ಕೊಡಲಿ.