ಲಾಭ, ಎರಡು, ಮೂರು

ಓ ಕ್ಲೇರ್ ಊರು, ಚಿಪ್ಪೆವಾ ಹೊಳೆಯ ದಂಡೆ, ಶನಿವಾರ ಬೆಳಗಿನ ಎಂಟು.
ಮೂಡಣ ಬಾಗಿಲಿಗೆ ನಾನು, ಪಡುವಣಕ್ಕೆ ಗ್ರೆಟಾ,
ಕೈಯಲ್ಲಿ ಒಂದೊಂದು ಕ್ಲಿಕ್ಕರು, ಉಕ್ಕಿನ ಜೀರುಂಡೆ.
ಗಂಟೆಗೆ ಹತ್ತೇ ನಿಮಿಷ ಎಣಿಸಬೇಕು, ಆಮೇಲೆ ಆರರಿಂದ ಗುಣಿಸಬೇಕು.
ಹೊರಗೆ ಹೋಗುವವರು ಲೆಕ್ಕಕ್ಕಿಲ್ಲ. ನಾಯಿ ಲೆಕ್ಕಕ್ಕಿಲ್ಲ.
ತಳ್ಳುಗಾಡಿಯ ಕೂಸೂ ಲೆಕ್ಕಕ್ಕಿಲ್ಲ,
ಅದರ ಮುಷ್ಟಿಯಲ್ಲಿ ಆಗಲೇ ಬೀನ್ಸು ಇದ್ದರೂ.

ಮೊದಲ ಕ್ಲಿಕ್ಕಿಗೆ ಬಾಯಿ ತಾನಾಗಿ 'ಲಾಭ' ಅಂದಿತು.
ರಾಶಿ ಅಳೆಯುವಾಗ ನಮ್ಮಲ್ಲಿ ಒಂದು ಅನ್ನುವುದಿಲ್ಲವಲ್ಲ.
ಲಾಭ, ಎರಡು, ಮೂರು:
ಸೈಕಲ್ಲು ದೂಡುತ್ತ ಬಂದವಳು,
ಒಂದೇ ಚೀಲದ ಎರಡು ಕಿವಿ ಹಿಡಿದು
ಜಗಳ ಮುಂದುವರಿಸುತ್ತಲೇ ಒಳಹೊಕ್ಕ ಗಂಡಹೆಂಡಿರು.

ನಗರಸಭೆ ಕೇಳಿದೆ, ಈ ಸಂತೆಯಿಂದ ಊರಿಗೇನು?
ಇಷ್ಟೇ ಜಾಗದಲ್ಲಿ ನೂರಾ ನಲವತ್ತು ಕಾರು ನಿಲ್ಲುತ್ತವೆ.
ಕಾರಿನ ಲೆಕ್ಕ ಸುಲಭ,
ಅವು ದಾರಿಗಡ್ಡ ನಿಂತು ಸೊಸೆಯ ಸುದ್ದಿ ಹೇಳುವುದಿಲ್ಲ.

ಅದಕ್ಕೇ ಬಿಳಿ ಹಲಗೆ, ಮೂರು ಪ್ರಶ್ನೆ, ನೀಲಿ ಬೊಟ್ಟುಗಳ ಹಾಳೆ.
ಇವತ್ತು ಇಲ್ಲಿ ಎಷ್ಟು ಖರ್ಚು? ಆಮೇಲೆ ಪೇಟೆಯಲ್ಲಿ ಎಷ್ಟು?
ಹತ್ತೂವರೆಗೆ ಹಲಗೆ ತುಂಬ ಚುಕ್ಕಿ,
ಗೆರೆ ಎಳೆಯುವವರು ಬಾರದ ರಂಗೋಲಿ.
ಹುಡುಗನೊಬ್ಬ ತನ್ನ ಪಾಲಿನದನ್ನು ತಂಗಿಯ ಹಣೆಗಿಟ್ಟ.
ನಾನು ಬೈಯಲಿಲ್ಲ.

ಸರ್ಕಾರದ ಊಟದ ಕಾರ್ಡು ಉಜ್ಜಿ ಪಡೆದ
ಮರದ ಬಿಲ್ಲೆಗಳನ್ನು ಹಿಡಿದು ಬಂದಳೊಬ್ಬಳು, ಹತ್ತು ಡಾಲರಿನವು.
ಹತ್ತರೊಳಗೆ, ಹತ್ತರ ಮೇಲೆ; ಎರಡು ಮನೆಗಳ ಮುಂದೆ
ತುಂಬ ಹೊತ್ತು ನಿಂತಳು.
'ಇದೂ ಖರ್ಚೇ ತಾನೆ?'
ಹೌದು ಅಂದೆ. ಗಟ್ಟಿಯಾಗೇ ಅಂದೆ.
ಬೊಟ್ಟನ್ನು ನೇರ ಗೆರೆಯ ಮೇಲೆ ಒತ್ತಿದಳು.

ಕಟಿಂಗ್ ಶಾಪಿನ ಎಲ್ಡನ್ ಏಪ್ರನ್ನಿನಲ್ಲೇ ಬರುತ್ತಾನೆ
ಒಂದು ತಲೆಗೂ ಇನ್ನೊಂದು ತಲೆಗೂ ನಡುವೆ.
ಒಮ್ಮೆ ಟೊಮೇಟೊ, ಒಮ್ಮೆ ಜೇನು, ಒಮ್ಮೆ ಸುಮ್ಮನೆ.
'ನೀನೂ ತಲೆ ಎಣಿಸುತ್ತೀ, ನಾನೂ.
ಸಂತೆಯಿಲ್ಲದ ಶನಿವಾರ ನನಗೆ ಮೂರು. ಇವತ್ತು ಹನ್ನೊಂದು.
ಬರೆದುಕೋ.' ಬರೆದುಕೊಂಡೆ,
ಹೆಗಲ ಮೇಲಿನ ಯಾರದೋ ಕೆಂಚು ಕೂದಲನ್ನು ಬಿಟ್ಟು.

ಮಾಯ್ ಯೆರ್ ವಾಂಗ್ ತನ್ನ ಮಾರಾಟದ ಚೀಟಿ
ಮಡಚಿ ಡಬ್ಬಿಗೆ ಹಾಕಿದಳು, ಹೆಸರಿಲ್ಲದೆ.
ನನಗೆ ಅರ್ಧ ಪೌಂಡು ಕೊತ್ತಂಬರಿ ತೂಗಿ
ಮುಳ್ಳು ನಿಂತ ಮೇಲೆ ಇನ್ನೊಂದು ಹಿಡಿ ಹಾಕಿದಳು.
ಇದಕ್ಕೆ ನಮ್ಮಲ್ಲಿ ಕೊಸರು ಅನ್ನುತ್ತಾರೆ ಅಂದೆ.
'ಕೊಸರು' ಅಂದಳು, ಎರಡನೆಯ ಸಲ ಸರಿಯಾಗಿ.
'ಬರೇ ತೂಕಕ್ಕೆ ಕೊಟ್ಟರೆ ತಕ್ಕಡಿಗೆ ಬೇಜಾರು.'
ಚೀಟಿಯಲ್ಲಿ ಅದಕ್ಕೆ ಕಾಲಮ್ಮಿಲ್ಲ.

ಒಂದು ಗಂಟೆಗೆ ಕೂಡಿದೆವು. ಎರಡು ಬಾಗಿಲು ಸೇರಿ
ಮುನ್ನೂರ ಮೂವತ್ತೊಂದು. ಆರರಿಂದ ಗುಣಿಸಿ
ಸಾವಿರದ ಒಂಬೈನೂರ ಎಂಬತ್ತಾರು.
ಆಗ ಹೊಳೆಯಿತು, ಎಲ್ಡನ್ ನಾಲ್ಕು ಸಲ ಕ್ಲಿಕ್ಕಾಗಿದ್ದಾನೆ.
ಅಂದರೆ ನಮ್ಮ ವರದಿಯಲ್ಲಿ ಇಪ್ಪತ್ನಾಲ್ಕು ಎಲ್ಡನ್‌ಗಳು,
ಇಪ್ಪತ್ನಾಲ್ಕು ಏಪ್ರನ್ನು, ಸಾಲಾಗಿ, ಟೊಮೇಟೊ ಹಿಡಿದು.
ಗ್ರೆಟಾ ನಕ್ಕು ನಕ್ಕು ಬೆಂಚಿನ ಮೇಲೆ ಕೂತಳು.
'ಇರಲಿ ಬಿಡು, ನಾವು ಎಣಿಸದ ಐವತ್ತು ನಿಮಿಷದಲ್ಲಿ
ಅಷ್ಟು ಜನ ಬಂದೇ ಇರುತ್ತಾರೆ.'
ಅಂಚಿನಲ್ಲಿ ಪೆನ್ಸಿಲ್ಲಿನಿಂದ ಬರೆದೆ: ಒಬ್ಬನೇ, ನಾಲ್ಕು ಸಲ.
ಸಭೆಯಲ್ಲಿ ಅಂಚು ಯಾರೂ ಓದುವುದಿಲ್ಲ, ಗೊತ್ತು.

ಮನೆಗೆ ಬಂದು ಶೂ ಬಿಚ್ಚಿದರೆ
ಅಟ್ಟೆಗೆ ಅಂಟಿದ ಒಂದು ನೀಲಿ ಬೊಟ್ಟು.
ಯಾವ ಮನೆಯಿಂದ ಕಳಚಿ ಬಂತೋ,
ಯಾರ ಎಷ್ಟು ಡಾಲರೋ.
ಎಸೆಯಲು ಕೈ ಬಾರದೆ
ಕೊತ್ತಂಬರಿಯ ನೀರಿನ ಲೋಟಕ್ಕೆ ಅಂಟಿಸಿದೆ.