ಜಲ್ಲಿ

ತಾಲೂಕು ಕಚೇರಿಯ ಮೂರನೇ ಕಿಟಕಿಯಲ್ಲಿ
ಗುಮಾಸ್ತ ಕಾಗದ ಮಡಿಸಿ ವಾಪಸು ತಳ್ಳಿದ:
‘ಫ್ರೆಂಚ್ ರಾಕ್ಸ್ ಅಂತ ಊರೇ ಇಲ್ಲ ಕಣಜ್ಜಿ,
ಕಂಪ್ಯೂಟರಲ್ಲಿ ಬರಾಕಿಲ್ಲ.’

ನನ್ನಜ್ಜಿ ನಲ್ಲಕ್ಕ ಕಿಟಕಿಯ ಸರಳು ಹಿಡಿದು ನಕ್ಕಳು.
ಎಂಬತ್ತೋ ತೊಂಬತ್ತೋ, ಲೆಕ್ಕ ಅವಳಿಗೂ ಇಲ್ಲ;
ಹಿರೋಡೆ ಕೆರೆ ಕೋಡಿ ಬಿದ್ದ ಯಾವುದೋ ವರ್ಷ
ಬಂಡೆಯ ಬುಡದ ಜೋಪಡಿಯಲ್ಲಿ ಹುಟ್ಟಿದವಳು.
ಈಗಲೂ ‘ಪರಂಜರಾಕು’ ಅನ್ನುತ್ತಾಳೆ,
ಯಾವುದೋ ಹಣ್ಣಿನ ಹೆಸರಿನ ಹಾಗೆ.
‘ನಾನು ಕೂತಲ್ಲೇ ಕೂತಿವ್ನಿ ಸ್ವಾಮಿ,
ಊರೇ ಸೀರೆ ಬದಲಾಯಿಸ್ತು.’

ಆ ಹೆಸರು ಬಂದದ್ದು ಹೀಗಂತೆ:
ಪಟ್ಟಣದ ಸುಲ್ತಾನರ ಕಾಲಕ್ಕೆ
ಪರದೇಶದ ಸಿಪಾಯಿಗಳು ಇಲ್ಲಿ ಡೇರೆ ಹೊಡೆದರು,
ಬಂಡೆ ನೆರಳಲ್ಲಿ ಬೂಟು ಬಿಚ್ಚಿ ಕೂತರು.
ಜ್ವರ ಬಂತು, ಯುದ್ಧ ಬಂತು, ಹೋದರು.
ಹೆಸರು ಮಾತ್ರ ಕಲ್ಲಿಗೆ ಅಂಟಿ ಉಳಿದು
ಆಮೇಲೆ ರೈಲು ಬಂದಾಗ ಹಲಗೆಯೇರಿ ನಿಂತಿತು.

ಅದಕ್ಕೂ ಮೊದಲು ಹಿರೋಡೆ.
ಅದಕ್ಕೂ ಮೊದಲು?
‘ಕಲ್ಲು’ ಅನ್ನುತ್ತಾಳೆ ಅಜ್ಜಿ.
‘ಕಲ್ಲಿಗೆ ಯಾವನು ಹೆಸರಿಟ್ಟಿದ್ದ?’

ಇಟ್ಟವಳು ಅವಳೇ.
ಒಡೆಯುವ ಮೊದಲು ಒಂದೊಂದಕ್ಕೂ ಒಂದೊಂದು:
ಉಳಿ ತಾಗಿದರೆ ಸಾಕು ಬಾಯಿಬಿಡುವುದು ಸೊಸೆಕಲ್ಲು,
ಎಷ್ಟು ಬಡಿದರೂ ಬರೀ ಕಿಡಿ ಕೊಡುವುದು ಅತ್ತೆಕಲ್ಲು,
ಒಳಗೆ ನೀರಿನ ಗೆರೆಯಿರುವುದು ಬಸುರಿಕಲ್ಲು.
ಅದನ್ನು ಮುಟ್ಟಬಾರದು,
ತಾನಾಗಿ ಬಿರಿಯಲಿ ಅಂತ ಕಾಯಬೇಕು.
ಮೇಸ್ತ್ರಿ ಕಾಯುತ್ತಿರಲಿಲ್ಲ. ಮದ್ದು ತುಂಬುತ್ತಿದ್ದ.

ಗಾಡಿಗೆ ಇಷ್ಟೆಂದು ಜಲ್ಲಿ ಕುಟ್ಟಿದಳು
ಹಳಿಯ ಕೆಳಗೆ ಹಾಸಲು.
ಮೈಸೂರಿನ ರೈಲಲ್ಲಿ ಕಿಟಕಿ ಪಕ್ಕ ಕೂತವರು
‘ಅಗೋ ಕುಂತಿ ಬೆಟ್ಟ’ ಎಂದು ಬೆರಳು ತೋರುತ್ತಾರೆ;
ಅದರ ಪಕ್ಕದ ಮರಿಗುಡ್ಡವೊಂದು
ತಮ್ಮ ಸೀಟಿನ ಕೆಳಗೇ ಮೈಲುಗಟ್ಟಲೆ
ಹಾಸಿ ಮಲಗಿರುವುದು ಅವರಿಗೆ ಗೊತ್ತಿಲ್ಲ.

ಹಲಗೆ ಬದಲಾದ ದಿನ ಅವಳಿಗೆ ನೆನಪಿದೆ.
ಪೇಂಟರ್ ಬುಡೇನ್ ಸಾಬರು ಏಣಿ ತಂದರು,
ಸೀಮೆಎಣ್ಣೆ ಬಟ್ಟೆಯಲ್ಲಿ ಹಳೆಯದನ್ನು ಉಜ್ಜಿದರು,
‘ಪಾ’ವೂ ‘ಪು’ವೂ ಒಂದೇ ಎತ್ತರ ಬರಲೆಂದು
ಸುಣ್ಣದ ದಾರ ಕಟ್ಟಿ ಗೆರೆ ಹೊಡೆದರು.
ಜಲ್ಲಿ ಗುಡ್ಡೆ ಮೇಲಿಂದ ನಲ್ಲಕ್ಕ ಕೇಳಿದಳು:
‘ಏನಂತ ಬರೀತಿದ್ದೀರಿ ಸಾಬ್ರೇ?’
‘ನಿಮ್ಮ ಕುಂತಮ್ಮನ ಮಕ್ಕಳ ಊರು ಅಂತ.’
‘ಅವರೂ ಬಾಡಿಗೆಗಿದ್ದೋರೇ ಅಲ್ವಾ, ವನವಾಸದಾಗೆ?’
ನಕ್ಕ ಸಾಬರ ಕೈ ಅಲ್ಲಾಡಿ
‘ಪು’ವಿನ ಕೊಂಬು ಒಂದಿಷ್ಟು ಉದ್ದ ಬಂತು.
ಬಹಳ ವರ್ಷ ಹಾಗೇ ಇತ್ತು.

ಬೆಟ್ಟದ ಮೇಲೆ ಭೀಮನ ಹೆಜ್ಜೆಯಿದೆ ಅಂತಾರೆ.
ಕಲ್ಲಿನ ಮೇಲೆ ಗುರುತು ಬಿಟ್ಟವರಿಗೆ ಅರಿಶಿನ, ಕುಂಕುಮ.
ಇವಳದು ತಿರುಗಾಮುರುಗಾ.

ಗುಮಾಸ್ತ ಕಡೆಗೆ ಮನಸ್ಸು ಮಾಡಿದ,
ಊರಿನ ಹೆಸರು ತಾನೇ ತಿದ್ದಿ ಬರೆದು
ಪುಟ್ಟ ಯಂತ್ರವೊಂದನ್ನು ಮುಂದಿಟ್ಟ:
‘ಹೆಬ್ಬೆಟ್ಟು ಒತ್ತಜ್ಜಿ.’
ಕೆಂಪು ದೀಪ.
ಸೆರಗಿಗೆ ಒರೆಸಿ ಒತ್ತಿದಳು. ಕೆಂಪು.
ಎಡಗೈ. ಕೆಂಪು.
ಗೆರೆಯೆಲ್ಲ ಸವೆದು ಬೆರಳು
ಹೊಳೆದಂಡೆಯ ಗುಂಡುಕಲ್ಲಾಗಿತ್ತು.
‘ಬೆಟ್ಟ ಸವೆಸಾಕೋಗಿ ಬೆಟ್ಟು ಸವೀತು’ ಅಂದಳು.
ಸಾಲಿನಲ್ಲಿದ್ದ ಯಾರೋ ನಕ್ಕರು.
ಗುಮಾಸ್ತ ನಗಲಿಲ್ಲ;
ಸೋಮವಾರ ಬನ್ನಿ, ಕಣ್ಣಿನ ಮಿಷಿನ್ನು ಬರುತ್ತೆ ಎಂದ.

ವಾಪಸು ಬರುವಾಗ ರೈಲ್ವೆ ಗೇಟು ಹಾಕಿತ್ತು.
ಅಜ್ಜಿ ಬಗ್ಗಿ ಹಳಿ ಬದಿಯ ಕಲ್ಲೊಂದನ್ನೆತ್ತಿ
ಬೇಳೆ ಬೆಂದಿದೆಯಾ ಅಂತ ನೋಡುವ ಹಾಗೆ
ಎರಡು ಬೆರಳಲ್ಲಿ ಅಂಚು ಒತ್ತಿ ನೋಡಿದಳು.
‘ಇದು ಕ್ರಷರಿಂದು.’ ಎಸೆದಳು.
ಇನ್ನೊಂದು. ಅದೂ ಕ್ರಷರಿಂದೇ.
ಬೇಬಿ ಬೆಟ್ಟದ ಕಡೆ ಎಲ್ಲೋ ಧಡ್ ಎಂದಿತು,
ಇಲ್ಲವೇ ನನಗೆ ಹಾಗನ್ನಿಸಿತು.
ಗೇಟಿನವನು ಕೂಗಾಡಿದ, ನಾನು ರಟ್ಟೆ ಹಿಡಿದೆಳೆದೆ.
ಕೇಳಲಿಲ್ಲ ಅವಳು;
ಮೇಲಿನ ಪದರ ಸರಿಸಿ, ಮೊಣಕೈತನಕ ತೂರಿಸಿ
ಕೆಳಗೆ ಏನನ್ನೋ ತಡಕುತ್ತಲೇ ಇದ್ದಳು.